ನಿಮಗಿದು ಗೊತ್ತೇ? ಹಳೇ ಪಾಲಿಶ್ ಮೇಲೆ ಹೊಸ ಬಣ್ಣ

ಹಳೇ ಮಂಚಕ್ಕೋ ಬೀರುವಿಗೋ ಹೊಡೆದ ಬಣ್ಣ ವರ್ಷ ತುಂಬುವ ಮೊದಲೇ ಸಿಪ್ಪೆ ಏಳುತ್ತದಲ್ಲ, ಅದಕ್ಕೆ ಬಹುತೇಕ ಸಲ ಕಾರಣ ಕೆಳಗಿರುವ ವಾರ್ನಿಷ್. ಬರಿ ಮರಕ್ಕೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಹಚ್ಚಿದ್ದನ್ನು ಒಳಗೆಳೆದುಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ವಾರ್ನಿಷ್ ಇರುವುದೇ ಆ ರಂಧ್ರಗಳನ್ನು ಮುಚ್ಚಿ, ನೀರಾಗಲಿ ಎಣ್ಣೆಯಾಗಲಿ ಒಳಗಿಳಿಯದಂತೆ ತಡೆಯುವುದಕ್ಕೆ. ಹೊಸ ಬಣ್ಣವನ್ನೂ ಅದು ಹಾಗೆಯೇ ತಡೆಯುತ್ತದೆ. ಡಬ್ಬಿಯ ಮುಚ್ಚಳ ತೆಗೆಯುವ ಮುಂಚಿನ ಕೆಲಸ ಸರಿಯಾಗಿದ್ದರೆ ಸಾಧಾರಣ ಬೆಲೆಯ ಬಣ್ಣವೂ ವರ್ಷಗಟ್ಟಲೆ ನಿಲ್ಲುತ್ತದೆ. ಆ ಕೆಲಸ ಕೆಟ್ಟರೆ ಎಷ್ಟು ದುಬಾರಿ ಬಣ್ಣವಾದರೂ ಉಗುರಿಗೇ ಎದ್ದು ಬರುತ್ತದೆ.

ನಿಮ್ಮ ಕುರ್ಚಿಗೆ ಹಿಂದೆ ಹಚ್ಚಿದ್ದು ಏನೆಂದು ತಿಳಿಯಲು ಒಂದು ಉಂಡೆ ಹತ್ತಿ, ಎರಡು ಹನಿ ಸ್ಪಿರಿಟ್ ಸಾಕು. ಸೀಟಿನ ಅಡಿಯಂಥ ಕಾಣದ ಜಾಗದಲ್ಲಿ ಸ್ಪಿರಿಟ್‌ನಲ್ಲಿ ನೆನೆದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಜಾಗ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಎನ್.ಸಿ. ಥಿನ್ನರ್‌ಗೆ ಕರಗಿದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಎರಡಕ್ಕೂ ಕರಗದಿದ್ದರೆ ಎಣ್ಣೆ ವಾರ್ನಿಷ್, ಇಲ್ಲವೇ ಪಾಲಿಯುರೆಥೇನ್.

ಫ್ರೆಂಚ್ ಪಾಲಿಶ್ ಎಂಬ ಹೆಸರಿದ್ದರೂ ಅದರ ಮೂಲವಸ್ತು ನಮ್ಮ ಕಾಡಿನದು. ಮುತ್ತುಗ, ಬೋರೆ, ಕುಸುಮದ ಮರಗಳ ಎಳೆ ರೆಂಬೆಗಳ ಮೇಲೆ ಕೂತು ರಸ ಹೀರುವ ಅಕ್ಕಿಕಾಳಿಗಿಂತ ಚಿಕ್ಕ ಕೀಟವೊಂದು ತನ್ನ ಸುತ್ತ ಕಟ್ಟಿಕೊಳ್ಳುವ ರಾಳವೇ ಅರಗು. ಅದನ್ನು ಕೆರೆದು, ತೊಳೆದು, ಕರಗಿಸಿ, ಹಾಳೆಯಂತೆ ಎಳೆದು ಮುರಿದ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿದರೆ ಪಾಲಿಶ್ ಸಿದ್ಧ. ದೇಶದಲ್ಲಿ ಅತಿ ಹೆಚ್ಚು ಅರಗು ಬೆಳೆಯುವುದು ಜಾರ್ಖಂಡ್‌ನಲ್ಲಿ. ರಾಂಚಿ ಬಳಿಯ ನಾಮಕುಮ್‌ನಲ್ಲಿ 1924ರಲ್ಲೇ ಅರಗಿಗೆಂದು ಸಂಶೋಧನಾ ಸಂಸ್ಥೆ ಶುರುವಾಯಿತು. ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಮನೆ ಅರಗಿನದು ಎಂಬುದು ಎಲ್ಲರಿಗೂ ಗೊತ್ತಿರುವ ಕತೆ. ಅರಗು ಚೆನ್ನಾಗಿಯೇ ಉರಿಯುತ್ತದೆ, ಸ್ಪಿರಿಟ್ ಅದಕ್ಕಿಂತ ಬೇಗ ಉರಿಯುತ್ತದೆ. ಈ ಕೆಲಸ ಒಲೆ, ದೀಪ, ಊದುಬತ್ತಿಗಳಿಂದ ದೂರ ಇರಲಿ.

ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೂ ಅರಗಿಗೂ ನಂಟಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಶುರುವಾಯಿತು. ಅರಗು, ಬಣ್ಣ, ವಾರ್ನಿಷ್ ತಯಾರಿಕೆಗೆಂದು ಹುಟ್ಟಿದ ಅದೇ ಕಾರ್ಖಾನೆ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಕೊಡುತ್ತ ಬಂದಿದೆ. ಈಗಿನ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್.

ಚನ್ನಪಟ್ಟಣದ ಬೊಂಬೆಗೆ ಬ್ರಷ್ ತಾಗುವುದೇ ಇಲ್ಲ. ಯಂತ್ರದ ಮೇಲೆ ಗಿರ್ರನೆ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಣ ತಾಳೆಗರಿ ಒತ್ತಿ ಮಿರುಗಿಸುತ್ತಾರೆ. ಪ್ರೈಮರ್, ಬಣ್ಣ, ಪಾಲಿಶ್ ಮೂರೂ ಅಲ್ಲಿ ಒಂದೇ ವಸ್ತು.

ಅರಗಿನ ಇನ್ನೊಂದು ಗುಣ ಬಣ್ಣದ ಕೆಲಸದವರಿಗೆ ಬಂಗಾರದಷ್ಟು ಬೆಲೆಯುಳ್ಳದ್ದು. ಹಳೇ ವಾರ್ನಿಷ್ಷೋ ಬರಿ ಮರವೋ ಎಣ್ಣೆ ಬಣ್ಣವೋ, ಚೊಕ್ಕಟವಾಗಿದ್ದರೆ ಅರಗು ಬಹುತೇಕ ಎಲ್ಲದಕ್ಕೂ ಅಂಟುತ್ತದೆ; ಅದರ ಮೇಲೂ ಬಹುತೇಕ ಎಲ್ಲ ಬಣ್ಣಗಳೂ ಅಂಟುತ್ತವೆ. ಕೆಳಗಿನ ಕಲೆಯನ್ನು ಮೇಲೆ ಬರಗೊಡುವುದೂ ಇಲ್ಲ. ಅಮೆರಿಕದಲ್ಲಿ 1849ರಲ್ಲಿ ಅರಗಿನ ವ್ಯಾಪಾರಕ್ಕೆಂದೇ ಹುಟ್ಟಿದ ಝಿನ್ಸರ್ ಕಂಪನಿಯ ಹೆಸರಿನಲ್ಲಿ ಇಂದಿಗೂ ಅರಗಿನ ಪ್ರೈಮರ್ ಮಾರಾಟವಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಸಾಮಾನ್ಯ ಅರಗಿನಲ್ಲಿ ಸ್ವಲ್ಪ ಮೇಣ ಉಳಿದಿರುತ್ತದೆ, ಪಾಲಿಯುರೆಥೇನ್‌ನಂಥವು ಅದರ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಬಣ್ಣದ ಅಡಿಗೆ ಬೇಕಾದದ್ದು ಮೇಣ ತೆಗೆದ ಅರಗು.

ಮೊದಲು ಉಜ್ಜಬೇಕೋ ತೊಳೆಯಬೇಕೋ? ಖಂಡಿತ ತೊಳೆಯಬೇಕು. ವರ್ಷಗಳ ಕೈ ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಒಗ್ಗರಣೆಯ ಜಿಡ್ಡು ಎಲ್ಲ ಮೇಲೆ ಕೂತಿರುವಾಗ ಉಜ್ಜಿದರೆ ಕಾಗದ ಅದನ್ನು ಗೀರುಗಳೊಳಗೆ ತುಂಬಿಬಿಡುತ್ತದೆ. ಆರಾಮಕುರ್ಚಿಯ ತಲೆ ಒರಗುವ ಜಾಗ, ಕೈ ಇಡುವ ಹಿಡಿ, ಬೀರುವಿನ ಗುಬ್ಬಿಯ ಸುತ್ತಮುತ್ತ ಇವುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಅಲ್ಲಿನ ವಾರ್ನಿಷ್ ಮೆತ್ತಗಾಗಿ, ಉಗುರಿನಿಂದ ಕೆರೆದರೆ ಕಪ್ಪು ಮೇಣದಂಥದ್ದು ಸುರುಳಿ ಸುರುಳಿಯಾಗಿ ಬರುತ್ತದೆ. ಬಣ್ಣ ಮೊದಲು ಏಳುವುದು ಅಲ್ಲಿಂದಲೇ. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಬಟ್ಟೆ ಸೋಡಾ ಹಾಕಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ, ಮತ್ತೆ ಬರಿ ನೀರಿನ ಬಟ್ಟೆಯಲ್ಲಿ ಸೋಡಾ ತೆಗೆದು, ಒಂದು ದಿನ ಒಣಗಲು ಬಿಟ್ಟರೆ ಸಾಕು. ನೀರು ಸುರಿಯಬೇಡಿ, ಜೋಡಣೆಗಳ ಅಂಟು ಬಿಡುತ್ತದೆ.

ಹೊಸ ಬಣ್ಣದಲ್ಲಿ ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಂಡು ಗುಳಿಗಳು ಬಿದ್ದರೆ ಹಳೇ ಪಾಲಿಶ್ ಸ್ಪ್ರೇ ಮೇಲೆ ಅನುಮಾನ ಪಡಿ. ಹೊಳಪಿಗೆಂದು ಬಳಸುವ ಹಲವು ಸ್ಪ್ರೇಗಳಲ್ಲಿ ಸಿಲಿಕೋನ್ ಇರುತ್ತದೆ. ಬಣ್ಣ ಅದನ್ನು ಕಂಡಲ್ಲೆಲ್ಲ ಹಿಂದೆ ಸರಿಯುತ್ತದೆ, ಸೋಪಿನಿಂದ ಅದು ಸುಲಭವಾಗಿ ಹೋಗುವುದಿಲ್ಲ. ಮಿನರಲ್ ಟರ್ಪೆಂಟೈನ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯನ್ನು ಮಗ್ಗುಲು ಬದಲಿಸುತ್ತ ಒರೆಸಬೇಕು. ಒಂದೇ ಮಗ್ಗುಲಲ್ಲಿ ಒರೆಸಿದರೆ ತೆಗೆದದ್ದನ್ನೇ ಮತ್ತೆ ಹಚ್ಚಿದಂತೆ.

ಉಜ್ಜುವ ಕಾಗದದ ಹಿಂದಿನ ಸಂಖ್ಯೆ ದೊಡ್ಡದಾದಷ್ಟೂ ಕಾಗದ ನಯ. 80 ಒರಟು, 320 ತೀರ ನುಣುಪು. ವಾರ್ನಿಷ್ ಇದ್ದ ಮರಕ್ಕೆ 120ರಿಂದ ಶುರುಮಾಡಿ 180 ಅಥವಾ 220ಕ್ಕೆ ನಿಲ್ಲಿಸಿದರೆ ಸಾಕು. ಅದಕ್ಕೂ ನುಣುಪು ಮಾಡಿದರೆ ಪ್ರೈಮರ್‌ಗೆ ಹಿಡಿಯಲು ಗೀರೇ ಉಳಿಯುವುದಿಲ್ಲ.

ವಾರ್ನಿಷ್ಷನ್ನೆಲ್ಲ ಕೆರೆದು ಮರ ಕಾಣಿಸಬೇಕೆಂದೇನಿಲ್ಲ. ಬಹಳ ಜನ ಈ ಶ್ರಮಕ್ಕೆ ಹೆದರಿಯೇ ಕೆಲಸಕ್ಕೆ ಕೈಹಾಕುವುದಿಲ್ಲ. ಗಟ್ಟಿಯಾಗಿ ಕೂತಿರುವ ಹಳೇ ಪದರ ಒಳ್ಳೆಯ ಬುನಾದಿ. ಅದರ ಹೊಳಪು ಸತ್ತರೆ ಸಾಕು. ಟಾರ್ಚನ್ನು ಹಲಗೆಗೆ ಓರೆಯಾಗಿ ಹಿಡಿದು ನೋಡಿ. ಉಜ್ಜಿದ ಕಡೆಯೆಲ್ಲ ಹಾಲು ಚೆಲ್ಲಿ ಒಣಗಿದಂತೆ ಮಂಕಾಗಿರುತ್ತದೆ, ನಡುವೆ ತಪ್ಪಿಹೋದ ಜಾಗಗಳು ಸಣ್ಣ ಸಣ್ಣ ದ್ವೀಪಗಳಾಗಿ ಮಿಂಚುತ್ತವೆ. ಕೆತ್ತನೆಯ ಸಂದು, ಕಾಲಿನ ತಿರುವು, ಅಂಚಿನ ಗೆರೆಗಳಲ್ಲಿ ಈ ದ್ವೀಪಗಳು ಹೆಚ್ಚು. ಕಾಗದವನ್ನು ನಾಲ್ಕಾಗಿ ಮಡಚಿ ಬೆರಳ ತುದಿಯಲ್ಲಿ ಅಲ್ಲಿಗೆ ಹೋಗಲೇಬೇಕು. ಈಗಾಗಲೇ ಸಿಪ್ಪೆಯೇಳುತ್ತಿರುವ ವಾರ್ನಿಷ್ ಇದ್ದರೆ ಮಾತ್ರ ಅಷ್ಟನ್ನು ಪೂರ್ತಿ ಕೆರೆದು ತೆಗೆಯಿರಿ.

ಪ್ಲೈವುಡ್ ಬೀರುಗಳ ಮೇಲಿನ ತೇಗದ ಹಾಳೆ ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ತೆಳು. ಯಂತ್ರ ಹಿಡಿದರೆ ಅಂಚಿನಲ್ಲಿ ಅರೆಕ್ಷಣಕ್ಕೆ ತೂತು. ಕೈಯೇ ಲೇಸು.

ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಬಂದದ್ದು 1921ರಲ್ಲಿ, ಅಮೆರಿಕದ 3ಎಂ ಕಂಪನಿಯಿಂದ. ಫ್ರಾನ್ಸಿಸ್ ಓಕಿ ಎಂಬಾತ ಅದನ್ನು ರೂಪಿಸಿದ್ದು. ಧೂಳು ಏಳದೆ ಕೆಸರಾಗಿ ಇಳಿಯುವುದೇ ಅದರ ದೊಡ್ಡ ಉಪಕಾರ. ಅದೇ ಕಂಪನಿಯ ರಿಚರ್ಡ್ ಡ್ರೂ ಕಾರಿಗೆ ಎರಡು ಬಣ್ಣ ಹೊಡೆಯುವವರ ಪಾಡು ನೋಡಿ 1925ರಲ್ಲಿ ಮಾಸ್ಕಿಂಗ್ ಟೇಪ್ ಮಾಡಿದ. ಟೇಪನ್ನು ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ, ಹಿಂದಕ್ಕೆ ಮಡಚಿ ಎಳೆದರೆ ಅಂಚು ನೇರ ಬರುತ್ತದೆ.

ಧೂಳಿನ ಮಾತು ಬಂದಿದ್ದರಿಂದ ಇದನ್ನು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಮೂಗಿಗೆ ಕಟ್ಟಿದ ಕರ್ಚೀಫು ಸಾಲದು, ಎನ್95 ಮಾಸ್ಕ್ ಬೇಕು.

ಅದಕ್ಕಿಂತ ಕೆಟ್ಟದ್ದು ಸೀಸ. ವಾರ್ನಿಷ್ ಮೇಲೆ ಯಾವಾಗಲೋ ಒಮ್ಮೆ ಹಳದಿ, ಹಸಿರು, ಕೆಂಪು ಎಣ್ಣೆ ಬಣ್ಣ ಹೊಡೆದಿದ್ದ ಹಳೇ ತೊಟ್ಟಿಲು, ಸ್ಟೂಲು, ಕಿಟಕಿಗಳಿದ್ದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅಮೆರಿಕ ಮನೆ ಬಣ್ಣಗಳಲ್ಲಿ ಸೀಸವನ್ನು 1978ರಲ್ಲೇ ನಿಷೇಧಿಸಿತ್ತು. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಇಷ್ಟರವರೆಗೆ ಸುರಕ್ಷಿತ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳ ಕಾಲ ಇದನ್ನೇ ಹೇಳುತ್ತ ಬಂದವರು. ಅಂಥ ಬಣ್ಣವನ್ನು ಒಣಗಿದ ಹಾಗೇ ಉಜ್ಜಬೇಡಿ, ಬೆಂಕಿಯಿಂದ ಕಾಯಿಸಿ ಕೆರೆಯಬೇಡಿ. ಒದ್ದೆ ಮಾಡಿಯೇ ಉಜ್ಜಿ. ಮಕ್ಕಳನ್ನೂ ಬಸುರಿಯರನ್ನೂ ದೂರವಿಡಿ. ಕೆಸರನ್ನು ಒರೆಸಿದ ಬಟ್ಟೆಯನ್ನು ಮತ್ತೆ ಬಳಸದೆ ಕಟ್ಟಿ ಬಿಸಾಡಿ. ಹಲ್ಲು ಬರುವಾಗ ಮಗು ತೊಟ್ಟಿಲ ಅಂಚನ್ನು ಕಚ್ಚುತ್ತದೆ, ಹಾಗಾಗಿ ಹಳೇ ಬಣ್ಣದ ತೊಟ್ಟಿಲನ್ನು ಮಗುವಿಗೆ ಬಳಸದಿರುವುದೇ ಮೇಲು.

ಹಾರ್ಡ್‌ವೇರ್ ಅಂಗಡಿಯಲ್ಲಿ ವುಡ್ ಪ್ರೈಮರ್ ಕೇಳಿದರೆ ಬಿಳಿಯೋ ಪಿಂಕೋ ಎಂದು ಕೇಳುತ್ತಾರಲ್ಲ, ಆ ಪಿಂಕ್ ಎಲ್ಲಿಂದ ಬಂತು? ಹಿಂದಿನ ಕಾಲದ ಮರದ ಪ್ರೈಮರ್‌ನಲ್ಲಿ ಸಫೇದಕ್ಕೆ, ಅಂದರೆ ಬಿಳಿ ಸೀಸಕ್ಕೆ, ಸ್ವಲ್ಪ ಕೆಂಪು ಸೀಸ ಬೆರೆಸುತ್ತಿದ್ದರು. ಎರಡೂ ಸೇರಿ ಗುಲಾಬಿ. ಸೀಸ ಹೋದರೂ ರೂಢಿಯ ಬಣ್ಣ ಉಳಿದುಕೊಂಡಿತು.

ಇಂದಿನ ಬಿಳಿ ಬಣ್ಣಕ್ಕೆ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಅದರ ಅದಿರು ಕೇರಳದ ಚವರದ ಕಡಲ ತಡಿಯ ಕಪ್ಪು ಮರಳಿನಲ್ಲಿದೆ.

ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆ ಬಿಳಿ ಬಣ್ಣ ಹೊಡೆದ ಮಂಚದ ಮೇಲೆ ನಸುಗುಲಾಬಿ ಮೋಡಗಳು ಮೂಡಿರುತ್ತವೆ. ಮತ್ತೊಂದು ಕೋಟ್ ಹೊಡೆದರೂ ಅವು ಮತ್ತೆ ಬರುತ್ತವೆ, ಮೂರನೆಯದಕ್ಕೂ ಬರುತ್ತವೆ. ಅದು ಪಾಲಿಶ್ ಹೊಡೆಯುವಾಗ ಮರಕ್ಕೆ ‘ರೋಸ್‌ವುಡ್ ಕಲರ್’ ಬರಲೆಂದು ಹಚ್ಚಿದ್ದ ಕೆಂಪು ಬಣ್ಣದ ನೀರು. ಹೊಸ ಬಣ್ಣದ ದ್ರವದಲ್ಲಿ ಕರಗಿ ಮೇಲೇರುತ್ತದೆ. ಎಷ್ಟು ಕೋಟ್ ಬಣ್ಣ ಹೊಡೆದರೂ ಇದು ನಿಲ್ಲುವುದಿಲ್ಲ. ಒಂದು ಕೋಟ್ ಅರಗಿನ ಪ್ರೈಮರ್ ಹೊಡೆದರೆ ನಿಲ್ಲುತ್ತದೆ.

ಮರದ ಸ್ವಂತ ಬಣ್ಣವೂ ಹೀಗೆ ಸೋರುತ್ತದೆ. ಬೌದ್ಧ ಭಿಕ್ಷುಗಳ ಕಾವಿಗೆ ಬಣ್ಣ ಕಟ್ಟಲು ಬಳಸುತ್ತಿದ್ದದ್ದು ಹಲಸಿನ ಮರದ ತಿರುಳು. ಹೊನ್ನೆ ಮರದ ಲೋಟದಲ್ಲಿ ರಾತ್ರಿ ಇಟ್ಟ ನೀರು ಬೆಳಿಗ್ಗೆಗೆ ಬಣ್ಣ ತಿರುಗಿರುವುದನ್ನು ಸಕ್ಕರೆ ಕಾಯಿಲೆಯವರ ಮನೆಗಳಲ್ಲಿ ನೋಡಿರುತ್ತೀರಿ. ಇಂಥ ಮರದ ಮೇಲೆ ನೀರಿನ ಪ್ರೈಮರ್ ನೇರ ಹಚ್ಚಿದರೆ ಆ ನೀರೂ ಲೋಟದ ನೀರು ಮಾಡಿದ್ದನ್ನೇ ಮಾಡುತ್ತದೆ. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಹಲಸಿನ ಬಾಗಿಲು, ಮಣೆ, ಪೆಟ್ಟಿಗೆಗಳು ಬಹಳ. ಅವಕ್ಕೆ ತಿಳಿ ಬಣ್ಣ ಬೇಕೆಂದಿದ್ದರೆ ನೀರಿನ ಪ್ರೈಮರ್ ಬಿಟ್ಟು ಅರಗಿನದೋ ಎಣ್ಣೆಯದೋ ಹಚ್ಚುವುದು ವಾಸಿ.

ತೇಗದಲ್ಲಿ ಹುಟ್ಟಿನಿಂದಲೇ ಎಣ್ಣೆ ಇದೆ, ಗೆದ್ದಲು ದೂರವಿರುವುದಕ್ಕೆ ಅದರ ರಾಸಾಯನಿಕಗಳೂ ಕಾರಣ. ಅದೇ ಎಣ್ಣೆ ಬಣ್ಣವನ್ನು ಹಿಡಿಯಗೊಡುವುದಿಲ್ಲ. ವಾರ್ನಿಷ್ ಹೋಗಿ ಬರಿ ತೇಗ ಕಂಡ ಕಡೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅದು ಆರಿದ ಕೂಡಲೇ ಪ್ರೈಮರ್ ಹೊಡೆಯಿರಿ. ನಾಳೆಗೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಪ್ರೈಮರ್ ಏಕೆ ಅಷ್ಟು ಮಂಕು? ಅದರಲ್ಲಿ ಅಂಟಿಗಿಂತ ಪುಡಿಯ ಪ್ರಮಾಣ ಹೆಚ್ಚು. ಒಣಗಿದ ಮೇಲೆ ಉಳಿಯುವ ಆ ಒರಟುತನವೇ ಮೇಲಿನ ಬಣ್ಣಕ್ಕೆ ಹಿಡಿ. ಈ ವಿದ್ಯೆ ತೀರ ಹಳೆಯದು. ಪ್ರಾಚೀನ ಈಜಿಪ್ಟಿನವರು ಮರದ ಪೀಠೋಪಕರಣಕ್ಕೆ ಬಣ್ಣ ಹಾಕುವ ಮುಂಚೆ ಬಿಳಿ ಮಣ್ಣಿನ ಪುಡಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ ಬಳಿಯುತ್ತಿದ್ದರು. ನಮ್ಮ ಕೊಪ್ಪಳದ ಕಿನ್ಹಾಳದಲ್ಲಿ ಇಂದಿಗೂ ಇಂಥದ್ದೇ ನಡೆಯುತ್ತದೆ. ಗೋಣಿಯ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ಅದು ‘ಕಿಟ್ಟ’. ಹಗುರ ಮರದ ಬೊಂಬೆಗೆ ಕೈಯಿಂದಲೇ ಕಿಟ್ಟ ಮೆತ್ತಿ, ಮೇಲೆ ಹತ್ತಿಯ ತುಣುಕು ಅಂಟಿಸಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟ ನಂತರವೇ ಬಣ್ಣ. ಕಿನ್ಹಾಳದ ಗರುಡನ ಬೊಂಬೆಯ ಮೈಮೇಲಿನ ಕೆಂಪು, ಹಸಿರುಗಳು ಅಷ್ಟು ನುಣುಪಾಗಿ ನಿಂತಿರುವುದಕ್ಕೆ ಕಾರಣ ಕೆಳಗಿನ ಈ ಕಾಣದ ಮೂರು ಪದರಗಳು. ಬಣ್ಣದ ಕೆಲಸ ಕಲಿಯಬೇಕೆನ್ನುವವರು ಒಮ್ಮೆ ಕಿನ್ಹಾಳಕ್ಕೆ ಹೋಗಿ ನೋಡಬೇಕು.

ಪುಟ್ಟಿ ಹಾಕುವುದು ಪ್ರೈಮರ್‌ನ ಮೊದಲ ಕೋಟ್ ಆದ ಮೇಲೆ. ಬರಿ ಮರದ ಗುಳಿಗೆ ಎಣ್ಣೆ ಪುಟ್ಟಿ ಹಾಕಿದರೆ ಮರ ಅದರ ಎಣ್ಣೆಯನ್ನು ಹೀರಿಬಿಡುತ್ತದೆ, ಪುಟ್ಟಿ ಬಿರುಕು ಬಿಟ್ಟು ಉದುರುತ್ತದೆ. ಪುಟ್ಟಿ ಉಜ್ಜಿದ ಮೇಲೆ ಇನ್ನೊಂದು ಕೋಟ್ ಪ್ರೈಮರ್.

ಸೂಜಿ ಚುಚ್ಚಿದಂಥ ತೂತುಗಳ ಕೆಳಗೆ ಹಿಟ್ಟಿನಂಥ ಪುಡಿ ಹೊಸದಾಗಿ ಬೀಳುತ್ತಿದ್ದರೆ ಆ ಮರಕ್ಕೆ ಕುಟ್ಟೆ ಹಿಡಿದಿದೆ. ಆ ತೂತುಗಳು ಹುಳು ಒಳಹೊಕ್ಕ ದಾರಿಗಳಲ್ಲ, ಬೆಳೆದು ಹೊರಬಂದ ದಾರಿಗಳು. ಒಳಗೆ ಇನ್ನೂ ಮರಿಗಳಿದ್ದರೆ ಹೊಸ ಬಣ್ಣವನ್ನೂ ಕೊರೆದೇ ಬರುತ್ತವೆ. ಮೊದಲು ಔಷಧಿ, ಆಮೇಲೆ ಬಣ್ಣ.

ಹಂದಿಕೂದಲಿನ ಬ್ರಷ್ ಎಣ್ಣೆ ಬಣ್ಣಕ್ಕೆ, ನೈಲಾನ್ ಎಳೆಯದು ನೀರಿನ ಬಣ್ಣಕ್ಕೆ. ಅದಲು ಬದಲಾದರೆ ಹಂದಿಕೂದಲು ನೀರು ಕುಡಿದು ಮೆತ್ತಗೆ ಜೋಲುತ್ತದೆ.

ಕೈಯಲ್ಲಿ ಡಬ್ಬಿ, ಬ್ರಷ್ ಹಿಡಿದು ದಶಕಗಳ ಕಾಲ ಏಷಿಯನ್ ಪೇಂಟ್ಸ್ ಜಾಹೀರಾತಿನಲ್ಲಿ ನಗುತ್ತಿದ್ದ ತುಂಟ ಹುಡುಗ ಗಟ್ಟುವನ್ನು 1954ರಲ್ಲಿ ಬರೆದವರು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್.

ದಪ್ಪ ಕೋಟ್ ಒಂದು ಹೊಡೆದರೆ ಕೆಲಸ ಬೇಗ ಮುಗಿಯುತ್ತದೆ ಅನಿಸುತ್ತದೆ. ಸಿಂಥೆಟಿಕ್ ಎನಾಮಲ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಬಣ್ಣ. ದಪ್ಪಗಿದ್ದರೆ ಮೇಲೆ ಮಾತ್ರ ಕೆನೆಗಟ್ಟಿ, ಒಳಗೆ ಹಸಿ ಉಳಿದು, ಸುಕ್ಕು ಬೀಳುತ್ತದೆ. ತೆಳ್ಳಗೆ ಎರಡು ಮೂರು ಕೋಟ್, ನಡುನಡುವೆ 320ರ ಕಾಗದದಲ್ಲಿ ಹಗುರವಾಗಿ ಒಂದು ಕೈ.

ಮಳೆಗಾಲದಲ್ಲಿ ಹೊಡೆದ ಫ್ರೆಂಚ್ ಪಾಲಿಶ್ ಬೆಳ್ಳಗೆ ಮಂಜು ಕವಿದಂತಾಗುವುದು ಗಾಳಿಯ ತೇವ ಪದರದೊಳಗೆ ಸಿಕ್ಕಿಕೊಂಡಿದ್ದರಿಂದ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ತೇವವನ್ನು ಎಳೆದುಕೊಳ್ಳುತ್ತದೆ. ಅರಗಿನ ಪ್ರೈಮರ್‌ಗೂ ಇದೇ ಕಷ್ಟ. ಆಗುಂಬೆ, ಮಡಿಕೇರಿ ಕಡೆಯವರು ಈ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳುವುದು ಜಾಣತನ.

ಬಣ್ಣ ಹೊಡೆದ ಬಾಗಿಲಿನ ಹಲಗೆಯಂಚಿನಲ್ಲಿ ಬೇಸಿಗೆ ಬಂದಾಗ ಬಣ್ಣವಿಲ್ಲದ ಗೆರೆಯೊಂದು ಇಣುಕುತ್ತದೆ. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅಡ್ಡಕ್ಕೆ ಎರಡೂ ಆಗುತ್ತದೆ. ಅದಕ್ಕೆಂದೇ ಬಡಗಿಗಳು ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ಸಂದಿಯಲ್ಲಿ ಅಂಟು ಹಾಕದೆ ಬಿಟ್ಟಿರುತ್ತಾರೆ. ಆ ಸಂದಿಗೆ ಪುಟ್ಟಿ ತುಂಬಿದರೆ ಹಲಗೆ ಸೀಳುತ್ತದೆ.

ಬಿಳಿ ಎನಾಮಲ್ ಕತ್ತಲಲ್ಲಿ ಹಳದಿಯಾಗುತ್ತದೆ. ಬೀರುವಿನ ಒಳಮೈ ಹೊರಮೈಗಿಂತ ಮೊದಲು ಹಳದಿ ತಿರುಗುವುದು ಇದರಿಂದಲೇ. ಕಪಾಟಿನ ಒಳಗೆ ಬಿಳಿ ಬೇಕಿದ್ದರೆ ನೀರಿನ ಎನಾಮಲ್ ಬಳಸಿ.

ಬಣ್ಣ ಕಳಚುವ ಕೆಲವು ಹಳೇ ದ್ರಾವಣಗಳಲ್ಲಿ ಮೀಥೈಲೀನ್ ಕ್ಲೋರೈಡ್ ಇರುತ್ತಿತ್ತು. ಉಸಿರಲ್ಲಿ ಒಳಹೋದರೆ ದೇಹ ಅದನ್ನು ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆದಿದೆ. ಡಬ್ಬಿಯ ಮೇಲಿನ ಹೆಸರು ಓದದೆ ಬಳಸಬೇಡಿ.

ಅಗಸೆಎಣ್ಣೆ ಒರೆಸಿದ ಬಟ್ಟೆ ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿದ್ದರೆ ಆ ಬಿಸಿ ಹೊರಹೋಗುವುದಿಲ್ಲ. 1991ರ ಫೆಬ್ರುವರಿ 23ರ ರಾತ್ರಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡದ 22ನೇ ಮಹಡಿಯಲ್ಲಿ ಬೆಂಕಿ ಎದ್ದದ್ದು ಗೋಡೆಯ ಮರದ ಹಲಗೆಗಳಿಗೆ ಎಣ್ಣೆ ಹಚ್ಚಿದ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬೆಂಕಿ ನಿಂತದ್ದು 30ನೇ ಮಹಡಿಯಲ್ಲಿ, ಅಲ್ಲಿ ಮೇಲಿನಿಂದ ನೀರು ಚಿಮ್ಮಿಸುವ ವ್ಯವಸ್ಥೆ ಇತ್ತು. ಎಣ್ಣೆ, ಎಣ್ಣೆ ವಾರ್ನಿಷ್ ಹತ್ತಿದ ಬಟ್ಟೆಯನ್ನು ಬಿಡಿಸಿ ಹೊರಗೆ ತಂತಿಯ ಮೇಲೆ ಹರವಿ, ಗಟ್ಟಿಯಾದ ಮೇಲೆ ಎಸೆಯಿರಿ. ಈ ಒಂದು ಮಾತನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ.

ಉಜ್ಜುವುದೂ ಬೇಡ ಪ್ರೈಮರೂ ಬೇಡ ಎಂದು ಹೆಸರಾದ ಚಾಕ್ ಪೇಂಟ್ 1990ರಲ್ಲಿ ಇಂಗ್ಲೆಂಡಿನ ಆ್ಯನಿ ಸ್ಲೋನ್ ರೂಪಿಸಿದ್ದು. ಅಂಟಿಕೊಳ್ಳುವುದೇನೋ ನಿಜ. ಹಲಸು, ಹೊನ್ನೆಗಳ ಬಣ್ಣ ಮಾತ್ರ ಅದರ ಮೂಲಕವೂ ಮೇಲೆ ಬರುತ್ತದೆ. ಅದಕ್ಕೆ ಕೊನೆಯಲ್ಲಿ ಹಚ್ಚುವ ಮೇಣವನ್ನು ಪೂರ್ತಿ ತೆಗೆಯದೆ ಮುಂದೆಂದೂ ಬೇರೆ ಬಣ್ಣ ಹೊಡೆಯುವಂತಿಲ್ಲ.

ಬೀಟೆಯ ಮೇಜಿಗೆ, ಮೈಸೂರು ಇನ್‌ಲೇ ಕೆಲಸವಿರುವ ಪೆಟ್ಟಿಗೆಗೆ ಬಣ್ಣ ಹೊಡೆಯಬೇಡಿ. ಮಂಕಾದ ಅರಗಿನ ಪಾಲಿಶ್ ಹೊಸ ಪಾಲಿಶ್‌ನ ಸ್ಪಿರಿಟ್‌ಗೆ ತಾನೇ ಕರಗಿ ಒಂದಾಗುತ್ತದೆ, ಹಳೆಯದನ್ನು ಕೆರೆಯದೆಯೇ ಮತ್ತೆ ಹೊಳಪು ಬರುತ್ತದೆ. ಬಣ್ಣ ಬೇಕಾದದ್ದು ಕಲೆ ಬಿದ್ದ, ತೇಪೆ ಹಾಕಿದ, ಬೇರೆ ಬೇರೆ ಮರ ಸೇರಿಸಿ ಮಾಡಿದ ಸಾಮಾನುಗಳಿಗೆ. ಅವನ್ನು ಗುಜರಿಗೆ ಹಾಕಿ ತರುವ ಪುಡಿಹಲಗೆಯ ಬೀರು ಒಂದು ಸಲ ನೀರು ಕುಡಿದರೆ ಉಬ್ಬಿಹೋಗುತ್ತದೆ. ಹಳೇ ಮತ್ತಿ, ನಂದಿ, ತೇಗಗಳಿಗೆ ಆ ಗತಿ ಇಲ್ಲ.

ಪ್ರೈಮರ್ ಹಿಡಿದಿದೆಯೇ ಎಂದು ಬಣ್ಣಕ್ಕೆ ಮುಂಚೆಯೇ ನೋಡಬಹುದು. ಎರಡು ದಿನ ಒಣಗಿದ ಮೇಲೆ ಕಾಣದ ಕಡೆ ಬ್ಲೇಡಿನಿಂದ ಅಡ್ಡ ಉದ್ದ ಸಣ್ಣ ಚೌಕಗಳನ್ನು ಗೀರಿ, ಟೇಪು ಒತ್ತಿ, ಜಗ್ಗಿ. ಪ್ರಯೋಗಾಲಯಗಳಲ್ಲಿಯೂ ಬಣ್ಣವನ್ನು ಪರೀಕ್ಷಿಸುವುದು ಹೀಗೆಯೇ. ಚೌಕಗಳು ಟೇಪಿಗೆ ಬಂದರೆ ಮತ್ತೆ ತೊಳೆದು ಉಜ್ಜಬೇಕು.

ಕೈಗೆ ಅಂಟದಿದ್ದ ಮಾತ್ರಕ್ಕೆ ಬಣ್ಣ ಬಲಿತಿದೆ ಎಂದಲ್ಲ. ಎನಾಮಲ್ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಮೇಜಿನ ಮೇಲೆ ಗಾಜು ಹಾಸಬೇಡಿ, ಬೀರುವಿನ ಬಾಗಿಲು ಬಿಗಿಯಾಗಿ ಮುಚ್ಚಬೇಡಿ, ಕಪಾಟಿಗೆ ಪತ್ರಿಕೆಯ ಹಾಳೆ ಹಾಸಿದರೆ ಅಕ್ಷರಗಳು ಬಣ್ಣಕ್ಕೆ ಹತ್ತಿಕೊಳ್ಳುತ್ತವೆ. ಪ್ಲಾಸ್ಟಿಕ್ ಮೇಜುಹಾಸನ್ನಂತೂ ಆಮೇಲೂ ದೂರವಿಡಿ. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಬಣ್ಣಕ್ಕೆ ಇಳಿದು ಅದನ್ನೂ ಮೆತ್ತಗೆ ಮಾಡುತ್ತದೆ.